ಸ್ಕೇಟಿಂಗ್ ಅಂಗಳದ ಹಾಡುಗಳು

ತೊಳೆದ ತಟ್ಟೆಯನ್ನು ಬೋರಲು ಹಾಕಿ ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಗಂಡ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ. ಎಡಕ್ಕೆ ವಾಲಿದ್ದ ಅವಳ ಸೊಂಟ ಅಲ್ಲೇ ನಿಂತುಬಿಟ್ಟಿತು. ಕಿವಿಯೊಳಗೆ ಮಾತ್ರ ಡ್ರಮ್ಮು ಬಿಟ್ಟೂಬಿಡದೆ ಬಡಿಯುತ್ತಿತ್ತು. ಯಾರೋ ಹೆಂಗಸು ಎತ್ತರದ ದನಿಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಳು.

"ಯಾರ ಹತ್ರ ಮಾತಾಡ್ತಿದ್ದೆ?" ಎಂದ ಗಂಡ. ತಮ್ಮ ದನಿ ತಮಗೇ ಕೇಳಿಸದವರು ಮಾತಾಡುವ ಹಾಗೆ, ಬೇಕಾದ್ದಕ್ಕಿಂತ ಜೋರಾಗಿ.

"ಯಾರ ಹತ್ರಾನೂ ಇಲ್ಲ," ಎಂದು ಅವಳು ಮುಖ ಅವನ ಕಡೆ ತಿರುಗಿಸಿ, ತುಟಿ ಬಿಡಿಸಿ ಹೇಳಿದಳು. ಕಿವಿ ಮೆಷಿನ್ ಹಾಕಿಕೊಂಡಿದ್ದರೂ ತುಟಿ ಕಾಣದಿದ್ದರೆ ಅವನಿಗೆ ಅರ್ಧ ಮಾತು ಸಿಗುತ್ತಿರಲಿಲ್ಲ.

"ಬಾಯಿ ಆಡ್ತಾ ಇತ್ತಲ್ಲ."

"ಹಲ್ಲಲ್ಲಿ ಏನೋ ಸಿಕ್ಕಾಕ್ಕೊಂಡಿತ್ತು ಕಣ್ರೀ."

ಅವನು ಇನ್ನೊಂದು ಗಳಿಗೆ ಅವಳನ್ನೇ ನೋಡಿ, ಲೋಟಕ್ಕೆ ನೀರು ಬಗ್ಗಿಸಿಕೊಂಡು ಹೊರಟುಹೋದ. ಅವಳು ಒದ್ದೆ ಕೈಯಲ್ಲೇ ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡಳು. ಹಾಡು ಮುಗಿಯುವವರೆಗೂ ಇಯರ್‌ಫೋನ್ ತೆಗೆಯಲಿಲ್ಲ. ತೆಗೆಯಲಿಲ್ಲವಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಇದೆಲ್ಲ ಶುರುವಾದದ್ದು ಪರದೆ ಅಂಗಡಿಯಲ್ಲಿ. ಅಂಗಡಿಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಅವಳು ಹೊಲಿಗೆ ಮೆಷಿನ್ ಮುಂದೆ ಕೂತು ಕಿಟಕಿ ಪರದೆಗಳ ಅಂಚು ಹೊಲಿಯುತ್ತಿದ್ದಳು. ಎದುರಿನ ಮೇಜಿನಲ್ಲಿ ಬಟ್ಟೆ ಕತ್ತರಿಸುವವನು ಇಂಚಣ್ಣ. ಮದುವೆ ಮನೆಗೆ ಹೋದರೂ ಮದುಮಗನ ಎತ್ತರವನ್ನು ಇಂಚಿನಲ್ಲೇ ಹೇಳುತ್ತಾನೆ ಎಂದು ಆ ಹೆಸರು. ಚಳಿಗಾಲದ ಮೊದಲಲ್ಲಿ ಅವನು ಮನೆಯಿಂದ ಒಂದು ಸಣ್ಣ ಸ್ಪೀಕರ್ ತಂದು ಕತ್ತರಿಗಳ ಪಕ್ಕ ಇಟ್ಟ. ಹಳೆಯ ಇಂಗ್ಲಿಷ್ ಹಾಡುಗಳು. "ಎಪ್ಪತ್ತು-ಎಂಬತ್ತರ ದಶಕದ್ದು ಅಕ್ಕಾ, ಡಿಸ್ಕೊ! ಕೈ ತಾನಾಗೇ ಓಡುತ್ತೆ," ಎಂದ.

"ಆ ಗಲಾಟೆನ ಸ್ವಲ್ಪ ತಗ್ಗಿಸಪ್ಪ," ಎಂದಿದ್ದಳು ಅವಳು. ಆದರೂ ಮಧ್ಯಾಹ್ನದ ಹೊತ್ತಿಗೆ ಅವಳ ಕಾಲು ಪೆಡಲಿನ ಮೇಲೆ ಹಾಡಿನ ಲೆಕ್ಕಕ್ಕೆ ಒತ್ತುತ್ತಿತ್ತು. ಡ್ರಮ್ಮು ಒಂದೇ ಸಮನೆ ನಡೆಯುತ್ತಿದ್ದರೆ ಅದರ ಕೆಳಗೆ ಇನ್ನೊಂದು ದಪ್ಪ ದನಿ, ಭಾರ ಹೊತ್ತವನು ಮೆಟ್ಟಿಲಿಳಿದಂತೆ, ಇಳಿದು ಇಳಿದು ಮತ್ತೆ ಮೇಲಕ್ಕೆ ಹತ್ತುತ್ತಿತ್ತು. ಅದರ ಹೆಸರು ಬೇಸ್ ಗಿಟಾರ್ ಎಂದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಯೋಚಿಸಿದ ಕೂಡಲೇ ಕಾಲು ನಿಂತಿತು, ಸೂಜಿ ಬಟ್ಟೆಯಲ್ಲೇ ಉಳಿಯಿತು. ಈ ಹಾಡು ಅವಳ ಮನೆಯಲ್ಲೇ ಇತ್ತು. ಹೇಳಿಕೊಟ್ಟವನು ಗಂಡ.

ಮದುವೆಯಾದ ಹೊಸದರಲ್ಲಿ ಗಂಡ ಸ್ಕೇಟಿಂಗ್ ಅಂಗಳದಲ್ಲಿ ರೆಕಾರ್ಡ್ ಹಾಕುವ ಕೆಲಸದಲ್ಲಿದ್ದ. ಗಾಜಿನ ಸಣ್ಣ ಗೂಡಿನೊಳಗೆ ಕೂತು, ಕಾಲಿಗೆ ಗಾಲಿ ಕಟ್ಟಿಕೊಂಡು ಸುತ್ತುವವರನ್ನು ನೋಡಿ ಯಾವಾಗ ಡಿಸ್ಕೊ, ಯಾವಾಗ ಮೆತ್ತಗಿನ ಹಾಡು ಎಂದು ತೀರ್ಮಾನಿಸುವವನು ಅವನೇ. ಜೋಡಿಗಳು ಕೈ ಹಿಡಿದು ನಿಧಾನವಾಗಿ ಜಾರುವುದಕ್ಕೆಂದು ಗಿಟಾರಿನ ಜೊತೆ ಒಬ್ಬನೇ ಬೇಜಾರಿನಲ್ಲಿ ಹಾಡುವಂಥ ಸಾಫ್ಟ್ ರಾಕ್ ರೆಕಾರ್ಡುಗಳನ್ನು ಬೇರೆಯೇ ಎತ್ತಿಟ್ಟಿರುತ್ತಿದ್ದ. ಹೊಸದು ಬಂದರೆ ಮೊದಲು ಮನೆಗೆ ತಂದು ಅವಳಿಗೆ ಕೇಳಿಸುತ್ತಿದ್ದ. "ಇಲ್ಲಿ, ಇಲ್ಲಿ ಕೇಳು, ಈಗ ಬೇಸ್ ಒಂದೇ ಉಳಿಯುತ್ತೆ!" ಎಂದು ಬೆರಳೆತ್ತುತ್ತಿದ್ದ. ಅವಳಿಗೆ ಅದು ತಲೆನೋವು. ಬೆಳಗಿನಿಂದ ಕೆಲಸ, ಮಡಿಲಲ್ಲಿ ನಿದ್ದೆ ಮಾಡದ ಕೂಸು. ಒಂದು ಸಂಜೆ ಅವನು ಗೆಳೆಯರೆದುರು ಅವಳ ಕಡೆ ಕೈ ಚಾಚಿ, "ಬಾರೇ, ಒಂದೇ ಒಂದು ಹೆಜ್ಜೆ," ಎಂದಾಗ, "ಕೋತಿ ಕುಣಿದ ಹಾಗೆ ಕುಣಿಯೋಕೆ ನನಗೇನು ಬೇರೆ ಕೆಲಸ ಇಲ್ವಾ? ಮೊದಲು ಒಂದು ನೆಟ್ಟಗಿನ ನೌಕರಿ ನೋಡ್ಕೊಳ್ಳಿ," ಎಂದಿದ್ದಳು. ಗೆಳೆಯರು ನಕ್ಕಿದ್ದರು. ಅವನೂ ನಕ್ಕಿದ್ದ.

ನೆಟ್ಟಗಿನ ನೌಕರಿಯನ್ನು ಅವಳ ಅಣ್ಣನೇ ಕೊಡಿಸಿದ. ಡಬ್ಬಿ ಕಾರ್ಖಾನೆಯಲ್ಲಿ, ತಗಡಿಗೆ ಅಚ್ಚು ಒತ್ತುವ ಯಂತ್ರದ ಪಕ್ಕ. ಅಲ್ಲಿಗೆ ಸೇರಿದ ಮೇಲೆ ರೆಕಾರ್ಡುಗಳನ್ನು ಅವನು ಯಾರಿಗೋ ಕೊಟ್ಟುಬಿಟ್ಟ. ಯಾರಿಗೆ ಎಂದು ಅವಳು ಕೇಳಲೂ ಇಲ್ಲ. ಕಪಾಟಿನಲ್ಲಿ ಜಾಗವಾಯಿತು ಎಂದು ಹೊದಿಕೆಗಳನ್ನು ಜೋಡಿಸಿಟ್ಟಿದ್ದಳು. ವರ್ಷಗಟ್ಟಲೆ ಆ ಯಂತ್ರದ ಪಕ್ಕ ನಿಂತವನ ಕಿವಿ ಮೊದಲು ಗುಂಯ್ ಎಂದಿತು, ಆಮೇಲೆ ಗಡಿಯಾರ ಕೇಳಿಸದಾಯಿತು, ಆಮೇಲೆ ಬಾಗಿಲ ಗಂಟೆ. ಈಗ ಕಿವಿ ಮೆಷಿನ್ ಹಾಕಿದರೆ ಮಾತು ಹೇಗೋ ಸಿಗುತ್ತಿತ್ತು, ಹಾಡು ಮಾತ್ರ ಸಿಗುತ್ತಿರಲಿಲ್ಲ. ಮೊಮ್ಮಗಳ ಹುಟ್ಟುಹಬ್ಬದಲ್ಲಿ ಹಾಡು ಹಾಕಿದಾಗ ಅವನು ಕಿವಿ ಮೆಷಿನ್ ಕಿತ್ತು ಜೇಬಿಗಿಟ್ಟುಕೊಂಡು, "ಡಬ್ಬಿ ಉರುಳಿದ ಹಾಗಾಗುತ್ತೆ," ಎಂದಿದ್ದ, ಅಷ್ಟೆ.

ಇಷ್ಟೆಲ್ಲ ನೆನಪಾದ ಮೇಲೆ ಅವಳು ಆ ಹಾಡುಗಳಿಂದ ದೂರ ಇರಬೇಕಿತ್ತು. ಇರಲಾಗಲಿಲ್ಲ. ಮಗಳ ಹಳೆಯ, ವೈರಿಲ್ಲದ ಇಯರ್‌ಫೋನ್ ಕೇಳಿ ತಂದಳು, ಅಪ್ಪನಿಗೆ ಹೇಳಬೇಡ ಎಂದೂ ಅವಳಿಗೆ ಕಟ್ಟುಮಾಡಿದಳು. ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ, ಬಚ್ಚಲಲ್ಲಿ ಕೂಡ ಕೇಳಿದಳು. ಅರ್ಥ ಅರ್ಧಂಬರ್ಧ ಆದರೂ ಹಾಡುವವನು ಯಾರನ್ನೋ ಕಳೆದುಕೊಂಡಿದ್ದಾನೆಂದು ತಿಳಿಯುತ್ತಿತ್ತು. ಕೆಲವೊಮ್ಮೆ ಸ್ಯಾಕ್ಸೊಫೋನ್ ಶುರುವಾದರೆ ಬಸ್ಸಿನ ಕಿಟಕಿಗೆ ಮುಖ ಒತ್ತಿ ಅಳು ನುಂಗಿಕೊಳ್ಳುತ್ತಿದ್ದಳು. ಮನೆಗೆ ಬಂದರೆ ಅವನು ಸದ್ದಿಲ್ಲದ ಟೀವಿಯ ಮುಂದೆ, ಕೆಳಗೆ ಓಡುವ ಅಕ್ಷರ ಓದುತ್ತ ಕೂತಿರುತ್ತಿದ್ದ. ಅವನ ತಟ್ಟೆಯ ಊಟವನ್ನು ಕದ್ದು ತಿಂದು ಬಾಯಿ ಒರೆಸಿಕೊಂಡು ಬಂದ ಹಾಗೆ ಅನ್ನಿಸುತ್ತಿತ್ತು ಅವಳಿಗೆ.

ಶನಿವಾರ ಮಗಳು ಬಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವಳೇ ಅಮ್ಮನನ್ನು ಕೋಣೆಯೊಳಗೆ ಎಳೆದು ಬಾಗಿಲು ಮುಂದೆ ಮಾಡಿದಳು.

"ಅಮ್ಮ, ನಿನ್ನೆ ಅಪ್ಪ ನಮ್ಮಂಗಡಿಗೆ ಬಂದಿದ್ರು."

"ಕನ್ನಡಕ ಮುರೀತಾ?"

"ಕನ್ನಡಕ ಅಲ್ಲ. ತಲೆ ಡಾಕ್ಟ್ರು ಯಾರಾದ್ರೂ ಗೊತ್ತಾ ಅಂತ ಕೇಳಿದ್ರು. ನಿಂಗೆ."

"ನಂಗಾ?" ಅವಳಿಗೆ ನಗು ಬಂತು. "ಅಯ್ಯೋ, ನಂಗೇನಾಗಿದೆ? ನೀನಾದ್ರೂ ಹೇಳೋದಲ್ವಾ?"

"ಹೇಳ್ಬೇಡ ಅಂತ ಬಾಯಿಗೆ ಬೀಗ ಹಾಕ್ದವಳು ನೀನೇ ಅಲ್ವಾ? ನಂಗೂ ಮೊದಲು ನಗು ಬಂತು. ಆಮೇಲೆ ಅಪ್ಪ ಏನಂದ್ರು ಗೊತ್ತಾ?" ಮಗಳು ದನಿ ತಗ್ಗಿಸಿದಳು, ತಗ್ಗಿಸುವ ಅಗತ್ಯವೇ ಇರಲಿಲ್ಲ. "'ನಂಗೆ ಕೇಳ್ಸಲ್ಲ ಅಂತ ಅವಳು ನನ್ ಹತ್ರ ಮಾತು ಬಿಟ್ಳು, ಈಗ ಗೋಡೆ ಹತ್ರ ಮಾತಾಡ್ತಾಳೆ. ನನ್ನಿಂದಾನೇ ಅವಳಿಗೆ ಹೀಗಾಯ್ತು' ಅಂದ್ರು. ಅಂಗಡೀಲಿ ಗಿರಾಕಿಗಳಿದ್ರಮ್ಮ. ಅಪ್ಪನ ಕಣ್ಣಲ್ಲಿ ನೀರು."

ಅವಳ ನಗು ಮುಖದ ಮೇಲೆ ಹಾಗೇ ಹುಳ್ಳಗಾಗಿ ನಿಂತಿತು.

"ನೀನೇ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ," ಎಂದು ಮಗಳು ಎದ್ದಳು.

ಮಗಳು ಹೋದ ಮೇಲೆ ಅವಳು ಹಜಾರಕ್ಕೆ ಬಂದಳು. ಗಂಡ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಟೇಬಲ್ ಫ್ಯಾನನ್ನು ಬಿಚ್ಚಿ ಹರವಿಕೊಂಡಿದ್ದ. ಅವಳು ಎದುರಿಗೆ ಕೂತು, ಇಯರ್‌ಫೋನ್ ಎರಡನ್ನೂ ಸೆರಗಿನ ಗಂಟಿನಿಂದ ತೆಗೆದು ಅವನ ಅಂಗೈಗೆ ಹಾಕಿದಳು.

"ಇದೇನು?"

"ಹಾಡು ಕೇಳೋದು. ನಾನು ಗೋಡೆ ಹತ್ರ ಮಾತಾಡ್ತಿಲ್ಲ. ಹಾಡ್ಕೋತಿದ್ದೆ."

"ಯಾವ ಹಾಡು?"

"ನಿಮ್ಮದೇ. ಸ್ಕೇಟಿಂಗ್ ಅಂಗಳದ್ದು."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ, ತಾನು ಓದಿದ್ದು ತಪ್ಪಿರಬೇಕು ಎಂಬಂತೆ. "ನಿಂಗದು ತಲೆನೋವಲ್ವಾ?"

"ಈಗ ಅಲ್ಲ."

ಅವನು ಕೈಯ ಜಿಡ್ಡು ಒರೆಸಿಕೊಂಡ. ಬಲಗಿವಿಯ ಮೆಷಿನ್ ತೆಗೆದು ಪತ್ರಿಕೆಯ ಮೇಲಿಟ್ಟ, ಎಡಗಿವಿಯದನ್ನೂ ತೆಗೆದ. ಇಯರ್‌ಫೋನನ್ನು ತಾನೇ ತೂರಿಸಿಕೊಂಡ. ಅವಳು ಫೋನಿನಲ್ಲಿ ದನಿಯನ್ನು ತುದಿಮುಟ್ಟ ಏರಿಸಿದಳು. ಚಿಟಿಚಿಟಿ ಸದ್ದು ಹೊರಗೂ ಚೆಲ್ಲಿತು. ಅವನು ಕಣ್ಣು ಮುಚ್ಚಿದ. ಹುಬ್ಬು ಗಂಟಾಯಿತು. ಬೆರಳು ಒಂದು ಸಲ ಮೇಲಕ್ಕೆದ್ದು, ಏನನ್ನೋ ಕಾದು, ಕೆಳಗಿಳಿಯಿತು.

"ಡಬ್ಬಿ," ಎಂದ. "ಬರೀ ಡಬ್ಬಿ ಕಣೇ."

ಅವಳಿಗೆ ತಡೆಯಲಾಗಲಿಲ್ಲ. ತಲೆ ತಗ್ಗಿಸಿ, ಪತ್ರಿಕೆಯ ಮೇಲಿನ ಸ್ಕ್ರೂಗಳನ್ನು ನೋಡುತ್ತ ಹೇಳುತ್ತಲೇ ಹೋದಳು. ಆ ಗಾಜಿನ ಗೂಡಿನಿಂದ ಎಬ್ಬಿಸಿದವಳು ತಾನು. ಅಣ್ಣನಿಗೆ ದುಂಬಾಲು ಬಿದ್ದು ಕಾರ್ಖಾನೆಗೆ ಸೇರಿಸಿದವಳು ತಾನು. ಮೊದಲ ವರ್ಷ ಅವನು ಕಿವಿ ಗುಂಯ್ ಅನ್ನುತ್ತೆ ಅಂದಾಗ ಎಲ್ಲರೂ ಮಾಡ್ತಿಲ್ವಾ ಎಂದವಳೂ ತಾನೇ. ಅವನ ಕಿವಿ ಹೋದ ಮೇಲೆ ತನ್ನ ಕಿವಿ ತೆರೆದರೆ ಏನು ಬಂತು ಎಂದಳು.

"ಮುಖ ಎತ್ತಿ ಮಾತಾಡು. ಏನಂದೆ?"

ಅವಳು ಮುಖ ಎತ್ತಿದಳು. ಅಷ್ಟನ್ನೂ ಇನ್ನೊಂದು ಸಲ ಹೇಳುವ ಧೈರ್ಯ ಬರಲಿಲ್ಲ. "ತಪ್ಪಾಯ್ತು ಅಂದೆ."

"ಯಾವುದಕ್ಕೆ?"

ಅವಳು ಚೆದುರಿದ್ದ ಸ್ಕ್ರೂಗಳನ್ನು ಪತ್ರಿಕೆಯ ನಡುವಿಗೆ ಒಟ್ಟಿದಳು. ಅವನು ಇಯರ್‌ಫೋನ್ ಕಿತ್ತು, ಕಿವಿ ಮೆಷಿನ್‌ಗಳನ್ನು ಒಂದೊಂದಾಗಿ ಹಾಕಿಕೊಂಡ. ಇಯರ್‌ಫೋನನ್ನು ಅವಳ ಕಡೆ ಸರಿಸಿದ.

"ಒಂದಲ್ಲ ಒಂದು ದಿನ ನಿಂಗೆ ಹಿಡಿಸುತ್ತೆ ಅಂತ ಗೊತ್ತಿತ್ತು ನಂಗೆ," ಎಂದ. "ಇಷ್ಟು ತಡ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ."

ಅದು ತಮಾಷೆಯೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ. ಅವನು ಫ್ಯಾನನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಕತ್ತಲಾದ ಮೇಲೆ ಬಂದು ಉಂಡು ಮಲಗಿದ. ಮರುದಿನ ಬೆಳಗ್ಗೆ ಟೀ ಕೊಟ್ಟರೆ ಕುಡಿದ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ. ಅವಳು ಇಯರ್‌ಫೋನ್ ಮುಟ್ಟಲಿಲ್ಲ. ಅಂಗಡಿಯಲ್ಲೂ ಸೋಮವಾರ, "ಇಂಚಣ್ಣ, ನಂಗೆ ಇವತ್ತು ತಲೆ ಭಾರ," ಎಂದು ಸ್ಪೀಕರ್ ಬಂದ್ ಮಾಡಿಸಿದಳು.

"ಏನಕ್ಕಾ, ತಾಳ ತಪ್ಪಿತಾ?" ಎಂದ ಅವನು. "ಅಂಚು ನೋಡು, ಅರ್ಧ ಇಂಚು ಸೊಟ್ಟ."

ಅವಳು ಹೊಲಿಗೆ ಬಿಚ್ಚಿದಳು.

ಅಂದು ಸಂಜೆ ಅವಳು ಬಂದಾಗ ಫ್ಯಾನು ಜೋಡಿಸಿಯಾಗಿತ್ತು. ಹಜಾರದ ಮೇಜು ಗೋಡೆಗೆ ಒತ್ತಿ ನಿಂತಿತ್ತು; ನಡುವೆ ನೆಲ ಖಾಲಿ. ಗಂಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಕಿಟಕಿಯ ಹತ್ತಿರ ನಿಂತಿದ್ದ.

"ಅದನ್ನ ಹಾಕ್ಕೋ," ಎಂದ.

"ಬೇಡ ಬಿಡ್ರೀ."

"ಹಾಕ್ಕೋ ಅಂದೆ. ಯಾವುದು ನಿಂಗೆ ಇಷ್ಟ? ಹೆಸರು ಗೊತ್ತಿಲ್ಲದಿದ್ರೆ ಹೇಗಿದೆ ಅಂತ ಹೇಳು."

ಅವಳು ಬ್ಯಾಗು ಕೆಳಗಿಟ್ಟಳು. "ಮೊದಲು ಡ್ರಮ್ಮು ಮಾತ್ರ. ಆಮೇಲೆ ಚಪ್ಪಾಳೆ. ಆಮೇಲೆ ಬೇಸ್ ಬಂದು ಕೆಳಗಿಳಿದು ಹೋಗುತ್ತಲ್ಲ, ಅದು."

ಅವನ ಮುಖ ಬಿಚ್ಚಿಕೊಂಡಿತು. "ಅದಾ! ಅದಕ್ಕೆ ಹುಡುಗ್ರು ಸುತ್ತಲಿನ ಕಂಬಿ ಬಿಟ್ಟು ಅಂಗಳದ ನಡುವಿಗೆ ನುಗ್ಗೋರು. ಹೂಂ, ಹಾಕು. ಶುರುವಾದ ಕೂಡ್ಲೇ ನನ್ನ ಭುಜ ತಟ್ಟು."

ಅವಳು ಇಯರ್‌ಫೋನ್ ತೂರಿಸಿಕೊಂಡು ಫೋನನ್ನು ಮೇಜಿನ ಮೇಲಿಟ್ಟಳು; ಹಾಡು ಶುರುವಾಯಿತು. ಅವಳು ಭುಜ ತಟ್ಟಿದಳು. ಅವನು ಅವಳ ಒಂದು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಇನ್ನೊಂದು ಕೈಯನ್ನು ಅವಳ ಬೆನ್ನಿಗಿಟ್ಟು, ಬೆರಳಿನಿಂದ ತಾಳ ಹಾಕತೊಡಗಿದ. ಎಡಕ್ಕೆ, ಬಲಕ್ಕೆ. ಅವನ ಮಂಡಿ ಒಮ್ಮೆ ಲಟಕ್ ಎಂದಿತು. "ಈಗ ಚಪ್ಪಾಳೆ," ಎಂದ. "ಹೂಂ, ಈಗ ಬೇಸು. ಇಳೀತಾ ಇದೆ ನೋಡು, ಇಳೀತು, ಇಳೀತು..."

ಅವಳ ಕಿವಿಯಲ್ಲಿ ಬೇಸ್ ಆಗಲೇ ಇಳಿದು ಮುಗಿದಿತ್ತು, ಹಾಡುವವಳು ಎರಡನೆಯ ಸಾಲಿಗೆ ಬಂದಿದ್ದಳು. ಅವನ ನೆನಪಿನ ಹಾಡು ನಿಧಾನ. ಅವನ ಬೆರಳು ಒಂದು ಕಡೆ ಬಿದ್ದರೆ ಡ್ರಮ್ಮು ಇನ್ನೊಂದು ಕಡೆ ಬೀಳುತ್ತಿತ್ತು. ಎರಡರ ನಡುವೆ ಅವಳ ಕಾಲು ತೊಡರಿತು.

"ಯಾಕೆ? ತಪ್ತಾ ನಂದು?" ಎಂದು ಅವನು ತಟ್ಟನೆ ನಿಂತ.

"ನಂದೇ ತಪ್ಪು," ಎಂದಳು ಅವಳು. "ಮೊದಲಿಂದ ಹಾಕ್ತೀನಿ ಇರಿ."

ಮೇಜಿನ ಮೇಲಿನ ಫೋನಿನ ಕಡೆ ಕೈ ಚಾಚಿ ಅವಳು ಹಾಡನ್ನು ನಿಲ್ಲಿಸಿದಳು. ಇಯರ್‌ಫೋನ್ ಕಿವಿಯಲ್ಲೇ ಇತ್ತು. ಅದರೊಳಗೆ ಈಗ ಏನೂ ಇರಲಿಲ್ಲ. ಹೊರಗೆ ಬೀದಿಯಲ್ಲಿ ಬಸ್ಸೊಂದು ಹೋದದ್ದು ದೂರದಿಂದೆಂಬಂತೆ ಕೇಳಿತು. ಅವನ ಭುಜ ತಟ್ಟಿದಳು.

ಅವನ ಬೆರಳುಗಳು ಅವಳ ಬೆನ್ನ ಮೇಲೆ ಮತ್ತೆ ಶುರುವಾದವು. ಅವಳು ಅವಕ್ಕೆ ಸರಿಯಾಗಿ ಹೆಜ್ಜೆ ಇಟ್ಟಳು. ಗೋಡೆಯ ತನಕ ಹೋಗಿ ತಿರುಗಿದರು. ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು.

"ಈಗ ಪಿಟೀಲು ಬರ್ತವೆ ನೋಡು, ಎಲ್ಲಾ ಒಟ್ಟಿಗೆ," ಎಂದು ಅವನು ಅವಳ ಹಿಂದೆ ಎಲ್ಲೋ ನೋಡುತ್ತ, ಬೆರಳೆತ್ತಿ ಕಾದ. "ಬಂತಾ?"

ಅವನಿಗೆ ಕಾಣಲಿ ಎಂದು ಅವಳು ಮುಖ ಮೇಲೆತ್ತಿದಳು.

"ಬಂತು," ಎಂದಳು.