ಹೊಟ್ಟ್ಯಾಗ ಹಾಕ್ಕೋ ಎಂದವರು

ಅಮೋಘಸಿದ್ದಪ್ಪ ಕಾಕಾ ಕೋರ್ಟಿನ ಪಡಸಾಲೆಯಲ್ಲಿ ಎದುರಾಗಿ, ಮೊದಲಿನ ಹಾಗೆಯೇ ‘ಊಟ ಆತೇನವ್ವಾ?’ ಎಂದು ಕೇಳಿಬಿಟ್ಟರೆ? ತಾನು ರೂಢಿಯ ಮೇಲೆ ‘ಆತ್ರಿ ಕಾಕಾ’ ಎಂದುಬಿಟ್ಟರೆ? ಹುಮನಾಬಾದಿನಲ್ಲಿ ಬಸ್ಸು ಹತ್ತಿದಾಗಿನಿಂದ ಅನುರಾಧಾಳಿಗೆ ಇದೊಂದೇ ಚಿಂತೆ. ಅಣ್ಣನನ್ನು ಕೊಂದ ಆರೋಪ ಹೊತ್ತವನಿಗೆ ತಂಗಿಯಾದವಳು ಊಟದ ಸುದ್ದಿ ಹೇಳಿದರೆ ಪಕ್ಕದಲ್ಲಿ ನಿಂತ ಅವ್ವನ ಗತಿ ಏನು? ಇಷ್ಟು ದೊಡ್ಡ ದುಃಖದೊಳಗೆ ಇಷ್ಟು ಸಣ್ಣದೊಂದು ಹೆದರಿಕೆ ಇಟ್ಟುಕೊಂಡು ಕುಳಿತಿದ್ದೇನಲ್ಲ ಎಂದು ತನಗೆ ತಾನೇ ಒಪ್ಪಿಕೊಂಡು ನಾಚಿದಳು. ಯಾರಿಗೂ ಹೇಳುವ ಮಾತಲ್ಲ ಅದು.

ಹಿಂದಿನ ಸೀಟಿನಿಂದ ಸೋದರಮಾವ ಬಸವಣಪ್ಪ ಮುಂದಕ್ಕೆ ಬಾಗಿದ. ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟವನು, ಮಾತಿಗೆ ಬರವಿಲ್ಲ.

“ಕೋರ್ಟಿನಾಗ ಏನ್ ಹೇಳ್ತಿ? ಇನ್ನೊಮ್ಮಿ ಹೇಳು ನೋಡೂಣು.”

“ಅಂವ ಅಂದದ್ದು ಕೇಳೀನಿ ಅಂತ...”

“ಯಾರಿಗಿ ಹೇಳಾಕತ್ತಿ, ಕಿಟಕಿಗೇನು? ಬಿ.ಎ. ಪಾಸಾಗಿದಿ, ಬಾಯಾಗ ಕಡಬು ಇಟ್ಕೊಂಡಾರಂಗ ಮಾತಾಡ್ತಿ. ಕೈಸನ್ನಿ ಮಾಡಿದ್ರ ತಿಳ್ಕೋಳಾಕ ಜಜ್ ಸಾಹೇಬ್ರು ನನ್ನ ಗಿರಾಕಿ ಅಲ್ಲವ್ವಾ.”

“ನನ್ನ ಕಡಿನೂ ಕೈಸನ್ನಿಲೇ ಟಿಕೆಟ್ ತಗೊಂಡಾಳ್ರಿ ಸಾವ್ಕಾರ್ರ,” ಎಂದು ಕಂಡಕ್ಟರು ನಕ್ಕ.

ಅವ್ವ ನಗಲಿಲ್ಲ. “ಅಕಿಗಿ ಕಾಡಬ್ಯಾಡೋ ಬಸವಣ್ಣಾ. ಹೇಳ್ತಾಳ. ಅಣ್ಣನ ಸಲುವಾಗಿ ಹೇಳೇ ಹೇಳ್ತಾಳ,” ಎಂದು ಮಗಳ ಮುಂಗೈ ಹಿಡಿದುಕೊಂಡಳು. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಕಲ್ಯಾಣದ ಕಡೆ ಹೊರಳಿದರೂ ಆ ಹಿಡಿತ ಸಡಿಲಾಗಲಿಲ್ಲ.

ಹಳ್ಳಿಖೇಡದ ಹಾದಿಯಲ್ಲಿ ಅವರ ಹೊಲ. ವರ್ಷವೂ ತೊಗರಿ ರಾಶಿ ಮುಗಿದ ಮೇಲೆ ಗೊಬ್ಬರವಾಗಲೆಂದು ಕುರಿಗಾರ ಅಮೋಘಸಿದ್ದಪ್ಪ ಅಲ್ಲಿ ಕುರಿ ಕೂಡಿಸುತ್ತಿದ್ದ. ಇವರು ಜೋಳ ಅಳೆದು ಕೊಡುತ್ತಿದ್ದರು. ಅದು ಅಪ್ಪ ಇದ್ದ ಕಾಲದಿಂದ ನಡೆದು ಬಂದದ್ದು. ಆ ವರ್ಷ ಮಾತ್ರ ರಾಶಿಗೆ ಮೊದಲೇ ನಿಂತ ಬೆಳೆಗೆ ಹಿಂಡು ನುಗ್ಗಿತು. ಅಣ್ಣ ಗುರುಶಾಂತ ಆತನ ಕೋಲು ಕಸಿದು ಮೊಣಕಾಲಿಗೆ ಕೊಟ್ಟು ಮುರಿದ. ಅಮೋಘಸಿದ್ದಪ್ಪ ಕೈ ಎತ್ತಿದ. ಬಾಜೂ ಹೊಲದವರು ನೋಡಿ ಬಿಡಿಸಿದರು. ಅದೇ ವಾರ ಗುರುಶಾಂತನ ಹೆಣ ಹೊಲದ ಬಾವಿಯಲ್ಲಿ ಸಿಕ್ಕಿತು. ತಲೆಗೆ ಗಾಯವಿತ್ತು. ಯಾರಾದರೂ ಹೊಡೆದದ್ದಿರಬಹುದು, ಬೀಳುವಾಗ ಕಲ್ಲು ಬಡಿದದ್ದೂ ಇರಬಹುದು ಎಂದರು ಡಾಕ್ಟರು. ನೋಡಿದವರು ಯಾರೂ ಇರಲಿಲ್ಲ.

ಮನೆಗೆ ತಂದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು ಅವನನ್ನು. ಅವರ ಓಣಿಯ ರೂಢಿಯಂತೆ, ಹೆಣ ಎತ್ತುವ ಮೊದಲು ಒಬ್ಬೊಬ್ಬರೇ ಬಂದು ಪಾದ ಮುಟ್ಟಿ ಒಂದು ಮಾತು ಹೇಳಿ ಹೋಗಬೇಕು: ‘ನನ್ನಿಂದ ತಪ್ಪಾಗ್ಯಾದ, ಹೊಟ್ಟ್ಯಾಗ ಹಾಕ್ಕೋ.’ ಸತ್ತವರು ಯಾರ ಮೇಲೂ ಸಿಟ್ಟು ಹೊತ್ತು ಹೋಗಬಾರದು ಎಂದು. ಏನು ತಪ್ಪು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಅನುರಾಧಾ ಹೇಳಿದಾಗ ಅವಳ ಮನಸ್ಸಿನಲ್ಲಿದ್ದದ್ದು, ಹೊಲಕ್ಕೆ ಹೊರಟ ಅಣ್ಣ ನೀರು ಕೇಳಿದಾಗ ‘ನಿನಗ ಕೈ ಇಲ್ಲೇನು’ ಎಂದದ್ದು. ಅವ್ವ ಹೇಳಿದಾಗ ಅವಳ ಮನಸ್ಸಿನಲ್ಲಿ ಏನಿತ್ತೋ. ಬಸವಣಪ್ಪ ಮಾಮಾ ಹೇಳಿದ, ಓಣಿಯವರು ಹೇಳಿದರು. ಎಲ್ಲರಾದ ಮೇಲೆ ಕಡೆಗೆ ಅಮೋಘಸಿದ್ದಪ್ಪ ಬಂದು, ಎರಡೂ ಪಾದಗಳ ಮೇಲೆ ಹಣೆ ಇಟ್ಟು ಹುಡುಗನ ಹಾಗೆ ಅತ್ತುಬಿಟ್ಟ. “ತಪ್ಪಾಗ್ಯಾದ ತಮ್ಮಾ, ಹೊಟ್ಟ್ಯಾಗ ಹಾಕ್ಕೋ.”

ಮರುದಿನ ಪೊಲೀಸರು ಕೇಳಿದಾಗ ಮಾಮಾ ಹೇಳಿದ: “ಹೆಣದ ಮುಂದ ಅಂವ ತಪ್ಪ ಒಪ್ಕೊಂಡಾನ್ರಿ.” ಸುಳ್ಳೇನೂ ಹೇಳಿರಲಿಲ್ಲ. ಅಷ್ಟನ್ನೇ ಹೇಳಿದ್ದ. ಸಂಜೆಯೊಳಗೆ ಓಣಿಗೆಲ್ಲ ಅಮೋಘಸಿದ್ದಪ್ಪನ ಮಾತೊಂದೇ ನೆನಪಿತ್ತು; ತಾವು ಅಂದದ್ದು ಯಾರಿಗೂ ನೆನಪಿರಲಿಲ್ಲ.

ಒಮ್ಮೆ, ಒಮ್ಮೆ ಮಾತ್ರ, ಅವಳು ಅವ್ವನನ್ನು ಕೇಳಿದ್ದಳು. “ಅವ್ವಾ, ಆ ಮಾತು ನಾವೂ ಅಂದೇವಲ್ಲ?”

“ನಾ ಹಡದಾಕಿ,” ಎಂದಿದ್ದಳು ಅವ್ವ. “ನಂದೂ ಅವಂದೂ ಒಂದೇನ? ಯಾರೂ ಹೊಡದಿಲ್ಲ, ಸುಮ್ಮನ ಕಾಲು ಜಾರಿ ಸತ್ತ ಅಂತ ತಿಳದು ನಾ ಹ್ಯಾಂಗ ಇರ್ಲಿ, ಹೇಳು?” ಆ ದಿನವಿಡೀ ಅವ್ವ ರೊಟ್ಟಿ ಮುಟ್ಟಲಿಲ್ಲ. ಅನುರಾಧಾ ಮತ್ತೆ ಆ ಮಾತು ತೆಗೆಯಲಿಲ್ಲ. ಕಾಕಾ ಕೊಂದನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಆ ಮನೆಯಲ್ಲಿ ಇಡಲು ಜಾಗವೂ ಇರಲಿಲ್ಲ.

ಕೋರ್ಟಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಅಮೋಘಸಿದ್ದಪ್ಪನ ಹೆಂಡತಿ ಸಖುಬಾಯಿ ರೊಟ್ಟಿಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಇವರನ್ನು ಕಂಡು ಸೆರಗು ಮುಂದೆಳೆದುಕೊಂಡು ಗಿಡದ ಆ ಬದಿಗೆ ಸರಿದಳು. ಜೈಲಿನ ವ್ಯಾನು ಬಂತು. ಅಮೋಘಸಿದ್ದಪ್ಪ ಇಳಿದ. ಹೆಗಲ ಮೇಲೆ ಕಂಬಳಿಯಿಲ್ಲದೆ ಆತ ಇಷ್ಟು ಸಣ್ಣ ಮನುಷ್ಯ ಎಂದು ಅವಳಿಗೆ ತಿಳಿದೇ ಇರಲಿಲ್ಲ. ಅವಳ ಮುಂದಿನಿಂದಲೇ ಹಾದುಹೋದ. ಊಟವಾಯಿತೇ ಎಂದು ಕೇಳಲಿಲ್ಲ, ತಲೆ ಎತ್ತಲೂ ಇಲ್ಲ. ಅವಳ ಹೆದರಿಕೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಆತ ಕೇಳದೆ ಹೋದದ್ದನ್ನೇ ನೆನೆಯುತ್ತ ಅವಳು ಕೋರ್ಟಿನ ಮೆಟ್ಟಿಲು ಹತ್ತಿದಳು.

ಕಟಕಟೆ ಹತ್ತಿಸಿ ಪ್ರಮಾಣ ಮಾಡಿಸಿದರು. ಸರಕಾರಿ ವಕೀಲರು ಮೆತ್ತಗೆ ಕೇಳಿದರು. ಶವದ ಹತ್ತಿರ ನೀವಿದ್ರಿ? ಇದ್ದೆ. ಆರೋಪಿ ಬಂದ? ಬಂದ. ಏನಂದ?

“ತಪ್ಪಾಗ್ಯಾದ ತಮ್ಮಾ, ಹೊಟ್ಟ್ಯಾಗ ಹಾಕ್ಕೋ ಅಂದ್ರಿ.”

“ಜೋರಾಗಿ ಹೇಳಮ್ಮ,” ಎಂದರು ಜಜ್ ಸಾಹೇಬರು. ಇನ್ನೊಮ್ಮೆ ಹೇಳಿದಳು. ಟೈಪು ಮಾಡುವವನ ಬೆರಳು ಟಪಟಪ ಆಡಿತು.

ಆರೋಪಿಯ ಪರ ಎದ್ದವರು ಮೆಹರೀನ್ ಎಂಬ ವಕೀಲೆ. ಬಡವರಿಗೆ ಸರಕಾರವೇ ಕೊಡುವ ವಕೀಲರಂತೆ, ಬೇರೆ ಊರಿನವರು. ಆ ಮಾತು ಬೇರೆಯವರೂ ಅಂದರೇ ಎಂದು ಅವರು ಕೇಳಿಯಾರೆಂದು ಅನುರಾಧಾ ಕಾದಳು. ಕೇಳಿದರೆ ಸಾಕು, ಹೌದ್ರಿ ಎಂದುಬಿಡಬಹುದು. ಕೇಳಿದ್ದಕ್ಕೆ ಉತ್ತರ ಕೊಟ್ಟೆ ಎಂದು ಅವ್ವನಿಗೆ ಹೇಳಬಹುದು.

“ಅಲ್ಲಿ ಗದ್ದಲ ಇತ್ತು, ಅಲ್ವಾ?”

“ಇತ್ತರಿ.”

“ಎಲ್ಲರೂ ಅಳ್ತಿದ್ರು. ನಿಮಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ.”

“ಕೇಳಿಸ್ಯಾದರಿ.”

“ನಾನು ಹೇಳೋದು, ಆತ ಅಂಥ ಮಾತು ಆಡೇ ಇಲ್ಲ. ಸಂಬಂಧಿಕರ ಮಾತು ಕೇಳಿ ನೀವು ಸುಳ್ಳು ಹೇಳ್ತಾ ಇದ್ದೀರಿ.”

ಅಮೋಘಸಿದ್ದಪ್ಪ ಕೈಕಟ್ಟಿ ನೆಲ ನೋಡುತ್ತಿದ್ದ. ಆ ಮಾತೇ ತನ್ನನ್ನು ಜೈಲಿಗೆ ಹಾಕಿತೆಂದು ಹೆದರಿ, ಅಂದೇ ಇಲ್ಲ ಎಂದು ವಕೀಲರಿಗೆ ಹೇಳಿಬಿಟ್ಟಿರಬೇಕು. ಅನುರಾಧಾಳಿಗೆ ಸುಳ್ಳು ಹೇಳಲಾಗಲಿಲ್ಲ.

“ಇಲ್ರಿ. ಅಂದಾನ್ರಿ,” ಎಂದಳು.

ಮೆಹರೀನ್ ಕಾಗದ ಮಡಚಿ ಕುಳಿತರು. ಹಿಂದಿನ ಬೆಂಚಿನಲ್ಲಿ ಮಾಮಾ ಮೀಸೆಯ ಮೇಲೆ ಕೈಯಾಡಿಸಿದ. ಅವ್ವನ ಮುಖದಲ್ಲಿ, ಅಣ್ಣ ಹೋದ ಮೇಲೆ ಮೊದಲ ಸಲ, ನಿದ್ದೆ ಬಂದವರ ಮುಖದ ಹಾಗೆ ಏನೋ ಸಡಿಲಾಯಿತು. ಆ ಮುಖವನ್ನು ನೋಡಲು ಅನುರಾಧಾ ಏನು ಬೇಕಾದರೂ ಕೊಡುತ್ತಿದ್ದಳು.

“ಆಯ್ತಮ್ಮ, ಇಳಿ,” ಎಂದರು ಜಜ್ ಸಾಹೇಬರು.

ಅವಳು ಇಳಿಯಲಿಲ್ಲ. ಜವಾನ ಹತ್ತಿರ ಬಂದು, “ನಡಿಯವ್ವಾ, ಮುಗೀತು,” ಎಂದ. ಕಟಕಟೆಯ ಕಟ್ಟಿಗೆಯನ್ನು ಅವಳ ಕೈ ಬಿಡಲಿಲ್ಲ. ಹೇಳಿದ್ದೆಲ್ಲ ಖರೆ. ಆ ಖರೆಯನ್ನೇ ಹಿಡಿದು ಒಬ್ಬನನ್ನು ಜೀವಮಾನವಿಡೀ ಒಳಗೆ ಹಾಕುತ್ತಾರೆ. ಉಳಿದರ್ಧ ಕೇಳುವವರು ಇಲ್ಲಿ ಯಾರೂ ಇಲ್ಲ, ನಾಳೆಯೂ ಇರುವುದಿಲ್ಲ.

“ಏನಮ್ಮ? ಇನ್ನೇನಾದ್ರೂ ಇದೆಯಾ?”

ಅವ್ವ ಬೆಂಚಿನಿಂದ ಅರ್ಧ ಎದ್ದಿದ್ದಳು. ಮಗಳ ಮುಖ ನೋಡಿಯೇ ಅವಳಿಗೆ ತಿಳಿದುಹೋಗಿತ್ತು. ಬ್ಯಾಡ, ಬ್ಯಾಡ ಎಂದು ತಲೆಯಾಡಿಸುತ್ತಿದ್ದಳು. ಅನುರಾಧಾ ಅವ್ವನಿಂದ ಕಣ್ಣು ಕಿತ್ತುಕೊಂಡಳು. ಅವಳ ದನಿ ಹಿಂದಿನ ಗೋಡೆಯವರೆಗೂ ಹೋಯಿತು.

“ಆ ಮಾತು ನಮ್ಮಲ್ಲಿ ಹೆಣದ ಪಾದ ಮುಟ್ಟಿದವರು ಎಲ್ಲಾರೂ ಅಂತಾರ್ರಿ ಸಾಹೇಬ್ರ. ಅವತ್ತು ನಮ್ಮ ಮಾಮಾನೂ ಅಂದಾನ, ನಮ್ಮವ್ವನೂ ಅಂದಾಳ. ಎಲ್ಲಾರಕಿಂತ ಮೊದಲ ನಾ ಅಂದೀನಿ.”