ಬಾಣಂತಿ ನೀರು

ಕೊಡಲಿಯ ಮೊದಲ ಏಟು ನನ್ನ ನಿಂಬೆ ಗಿಡದ ಬುಡಕ್ಕೆ ಬಿದ್ದಾಗ ನಾನು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದೆ. ಎರಡನೇ ಏಟಿಗೆ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಿದೆ. ನನ್ನ ಮೈದುನ ಭೀಮು ಹಲ್ಲು ಕಚ್ಚಿಕೊಂಡು ಕಡಿಯುತ್ತಿದ್ದ. ಕಾಯಿಗಳು ಅವನ ತಲೆಯ ಮೇಲೆ ಪಟಪಟ ಉದುರುತ್ತಿದ್ದವು.

“ಏ ಭೀಮೂ! ಹುಚ್ಚ ಹಿಡದೈತೇನ ನಿನಗ?”

“ಬಾಯಿ ಮುಚ್ಚ ವೈನಿ! ನಿನ್ನ ಬಚ್ಚಲ ನೀರ ನನ್ನ ಕೂಸಿನ್ನ ನುಂಗೇತಿ. ಮೊದಲ ಈ ಗಿಡಾ ಕಡೀತೇನಿ, ಆಮ್ಯಾಲೆ ನಿನ್ನ ನೋಡ್ತೇನಿ!”

ಅಗರಖೇಡದಲ್ಲಿ ನಮ್ಮದು ಒಂದೇ ಮನೆ. ಅಣ್ಣ ತಮ್ಮ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡರು. ನನ್ನ ಗಂಡ ಚಂದಪ್ಪ ಕೆಲಸದ ಮೇಲೆ ನಿಡಗುಂದಿಯಲ್ಲಿರುತ್ತಾನೆ. ಈಚೆ ನಾನು, ಆಚೆ ಭೀಮು ಮತ್ತು ಅವನ ಹೆಂಡತಿ ಮಾಲಾ. ಹಿತ್ತಲಿಗೆ ಗೋಡೆಯಿಲ್ಲ. ಅಲ್ಲಿ ನನ್ನ ಬಚ್ಚಲಿನಿಂದ ನಿಂಬೆ ಗಿಡದವರೆಗೆ ಹರಿಯುವ ಸಣ್ಣ ಕಾಲುವೆಯೇ ಗಡಿ. ಹಿತ್ತಲ ಹಾದಿಯಲ್ಲಿ ಆ ಮನೆಯಿಂದ ಈ ಮನೆಗೆ ಬರಬೇಕೆಂದರೆ ಅದನ್ನು ದಾಟಲೇಬೇಕು.

ಊರು ನನ್ನನ್ನು ಜಿಪುಣಿ ಎನ್ನುತ್ತದೆ. ಅನ್ನಲಿ, ಊರಿನ ಬಾಯಿಗೆ ಬಾಗಿಲಿದೆಯೇ? ಸೋಪಿನ ನೀರು ಗಿಡಕ್ಕೆ ಆಗಿಬರುವುದಿಲ್ಲ ಎಂದು ಅಂಟವಾಳಕಾಯಿ ನೆನೆಸಿ ಬಟ್ಟೆ ಒಗೆಯುತ್ತೇನೆ. ಎಮ್ಮೆಯ ಸಗಣಿಯಿಂದ ಗೋಬರ್ ಗ್ಯಾಸ್ ಉರಿಸುತ್ತೇನೆ. ಸಂತೆಗೆ ಹೋದರೆ ಹಳೆಯ ಸೀರೆ ಹರಿದು ಹೊಲಿದ ಚೀಲ. ಮೈ ತೊಳೆದ ನೀರು, ಅಕ್ಕಿ ತೊಳೆದ ನೀರು, ಒಂದು ಚರಿಗೆಯನ್ನೂ ಚೆಲ್ಲುವವಳಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂದು ಸುಮ್ಮನೆ ಹೇಳಿದ್ದಾರೆಯೇ? ಬೇಸಿಗೆಯಲ್ಲಿ ಇಂಡಿ ಪಟ್ಟಣದ ಪೇಟೆಯಲ್ಲಿ ನಿಂಬೆಗೆ ಚಿನ್ನದ ಬೆಲೆ ಬರುವ ಹೊತ್ತಿಗೇ ನನ್ನ ಗಿಡ ಕಾಯಿ ಬಿಡುತ್ತದೆ. ನಕ್ಕವರೇ ಆಗ “ಸುವರ್ಣಕ್ಕಾ, ಒಂದೆರಡು ಹಣ್ಣ ಕೊಡ” ಎಂದು ಹಲ್ಲು ಕಿರಿಯುತ್ತಾ ಬರುತ್ತಾರೆ.

ನಗದೆ ಕಲಿತವಳು ಮಾಲಾ ಒಬ್ಬಳೇ. ಅವಳಿಗೆ ಗರಜು ಇತ್ತು. ಎರಡು ಬಸಿರು ನಿಂತಿರಲಿಲ್ಲ. ಈ ಸಲ ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿಸಿದರೆ ಮಾತ್ರ ಕೂಸು ಉಳಿಯುತ್ತದೆ ಎಂದು ವಿಜಯಪುರದ ಡಾಕ್ಟರಮ್ಮ ಹೇಳಿದ್ದರು. ಭೀಮು ದುಡಿದದ್ದೆಲ್ಲ ಮೊಬೈಲಿನ ಕ್ರಿಕೆಟ್ ಬಾಜಿಗೆ ಸುರಿಯುವವನು, ಅವನಿಂದ ಚಿಕ್ಕಾಸೂ ಹುಟ್ಟುವಂತಿರಲಿಲ್ಲ. ಹಾಗಾಗಿ ಅವಳೂ ಅಂಟವಾಳಕಾಯಿ ನೆನೆಸಿದಳು, ಬೂದಿಯಲ್ಲಿ ಪಾತ್ರೆ ತಿಕ್ಕಿದಳು, ನನ್ನ ಗೋಬರ್ ಗ್ಯಾಸಿನ ಮೇಲೆ ರೊಟ್ಟಿ ಬಡಿದಳು. ಸೋಪು, ಶಾಂಪೂ, ಸಿಲಿಂಡರು ಎಂದು ಉಳಿದ ದುಡ್ಡನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು.

“ಅಕ್ಕಾ, ನನ್ನ ಕೂಸು ಅಂಟವಾಳಕಾಯಿ ಮ್ಯಾಲೆ ಹುಟ್ಟತೈತಿ ನೋಡ” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಮಾವಾಸ್ಯೆ ಕಳೆದ ಮೇಲೆ ಇಬ್ಬರೂ ವಿಜಯಪುರಕ್ಕೆ ಹೋಗುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಮಗಳು ಪ್ರಜ್ಞಾ ಹೆತ್ತಳು. ಬಾಣಂತಿಗೆ, ಕೂಸಿಗೆ ನೀರು ಹಾಕಲು ಪಕ್ಕದ ಮನೆಯ ಮುದುಕಿ ಶೇವಂತೆವ್ವ ಬರುತ್ತಿದ್ದಳು. ಮೊದಲ ದಿನವೇ ತಕರಾರು ತೆಗೆದಳು.

“ಸುವರ್ಣಾ, ಬಾಣಂತಿ ನೀರ ಬಯಲಿಗೆ ಬಿಡಬಾರದವ್ವಾ. ಬಸರ ಹೆಂಗಸು ದಾಟಿದ್ರ ಬಸರ ಇಳೀತೈತಿ ಅಂತಾರ. ಕುಣಿ ತೋಡಿ ಮ್ಯಾಲೆ ಕಲ್ಲ ಮುಚ್ಚ.”

“ಮುಚ್ಚಿಡಾಕ ಅದೇನ ಬಂಗಾರೇನಬೇ? ಗಿಡಾ ಕುಡೀಲಿ ಬಿಡ!”

ದೊಡ್ಡ ಹಂಡೆಯ ನೀರು, ದಿನಾಲೂ. ಗಿಡ ಕಡುಹಸಿರಾಯಿತು.

ಮೊನ್ನೆ ಮಧ್ಯಾಹ್ನ ಗೋಡೆಯಾಚೆ ಮಾಲಾ ಚೀರಿದಳು. ಹೋಗಿ ನೋಡಿದರೆ ಸೀರೆ ತುಂಬಾ ರಕ್ತ. “ಡಬ್ಬಿ ರೊಕ್ಕಾ ತಗೋ, ಸೀದಾ ವಿಜಾಪುರಕ್ಕ ಹೋಗೂಣು” ಎಂದೆ. ಅವಳು ತಲೆ ಅಲ್ಲಾಡಿಸಿದಳು. ನೋವಿಗೆ ಎಂದುಕೊಂಡೆ. ಟಂಟಂ ಆಟೋದಲ್ಲಿ ಇಂಡಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮರುದಿನ ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ಶೇವಂತೆವ್ವನ ಮಾತು ನಿಜವೇ ಇರಬಹುದೇ ಎಂದು ರಾತ್ರಿಯೆಲ್ಲ ನಾನೂ ಹೊರಳಾಡಿದೆ.

ಈಗ ಭೀಮು ಕೊಡಲಿ ಹಿಡಿದು ನಿಂತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನ ಸಿಟ್ಟು ನೆತ್ತಿಗೇರಿತು. ಕೊಡಲಿಯ ಕಾವಿಗೆ ಎರಡೂ ಕೈ ಹಾಕಿ ಜೋತುಬಿದ್ದೆ. ಅವನು ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ಮುಳ್ಳಿನ ಟೊಂಗೆಯ ಮೇಲೆ ನನ್ನನ್ನು ಕೆಡವಿದ. ಎದ್ದವಳೇ ಬೂದಿಯ ಬುಟ್ಟಿ ಎತ್ತಿ ಅವನ ಕಣ್ಣಿಗೆ ಎರಚಿದೆ.

“ಯವ್ವಾ ಸತ್ನೆಪೋ!” ಎಂದು ಕುಣಿದ. ಕುರುಡು ಕುರುಡಾಗಿ ಕೊಡಲಿ ಬೀಸಿದ. ಅಲಗು ತಪ್ಪಿತು, ಕಾವು ನನ್ನ ಮುಂಗೈಗೆ ಬಡಿಯಿತು. ಎಲುಬು ಲಟಕ್ಕೆಂದದ್ದು ನನಗೇ ಕೇಳಿಸಿತು. ಕುಸಿದು ಬಿದ್ದೆ.

ಗದ್ದಲ ಕೇಳಿ ಪ್ರಜ್ಞಾ ಒದ್ದೆ ಕೂದಲಲ್ಲೇ, ಕೂಸನ್ನು ಎದೆಗೆ ಅವುಚಿಕೊಂಡು ಬಚ್ಚಲಿನಿಂದ ಓಡಿಬಂದಳು.

“ಕಾಕಾ, ಬಿಡ್ರಿ! ಅವ್ವನ ಕೊಲ್ಲಬ್ಯಾಡ್ರಿ!”

ಭೀಮು ಕಣ್ಣು ಒರೆಸಿಕೊಂಡು ಅವಳ ಕಡೆ ತಿರುಗಿದ. “ನಿಂದs ನೀರ! ನಿನ್ನ ಕೂಸು ಬದಕಬೇಕು, ನಂದು ಸಾಯಬೇಕು, ಹೌದಿಲ್ಲೋ?”

ಕೊಡಲಿ ಮೇಲೆದ್ದಿತು. ನಾನು ನೆಲದಲ್ಲೇ ತೆವಳಿ ಅವನ ಕಾಲು ಕಚ್ಚಿದೆ. ಒದ್ದು ಝಾಡಿಸಿದ. ಶೇವಂತೆವ್ವ ಬಚ್ಚಲ ಬಾಗಿಲಲ್ಲಿ ಲಬೋ ಲಬೋ ಹೊಯ್ಕೊಂಡಳು.

“ಒದ್ದಾಂವ ನೀ.”

ಆಚೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಮಾಲಾ ನಿಂತಿದ್ದಳು, ಮುಖ ಸುಣ್ಣದಂತೆ ಬಿಳಿಚಿತ್ತು. ಮದುವೆಯಾದ ಮೇಲೆ ಗಂಡನಿಗೆ ‘ನೀ’ ಎಂದದ್ದು ಅದೇ ಮೊದಲು.

“ಒಳಗ ನಡಿ” ಎಂದ ಭೀಮು.

“ನಾ ನೀರ ದಾಟಿಲ್ಲ. ಶೇವಂತೆವ್ವ ಅಂದದ್ದ ಕೇಳಿದ ದಿನದಿಂದ ಅಂಜಿ ಅಕ್ಕನ ಮನಿಗೂ ಹಿತ್ತಲದಿಂದ ಹೋಗಿಲ್ಲ, ಓಣಿ ಸುತ್ತಿ ಹೋಗೇನಿ. ಜ್ವಾಳದ ಡಬ್ಬಿ ಅವಚಿಕೊಂಡ ಕುಂತಿದ್ನಿ. ಬ್ಯಾಡ್ರಿ, ಇದು ಕೂಸಿನ ರೊಕ್ಕರಿ ಅಂತ ಕಾಲ ಹಿಡದ್ನಿ. ಅದs ಕಾಲಿಲೆ ಹೊಟ್ಟಿಗೆ ಒದ್ದಿ. ರೊಕ್ಕಾ ಒಯ್ದು ಬಾಜಿಗೆ ಹಚ್ಚಿದಿ. ಈಗ ನೀರಿನ ಮ್ಯಾಲೆ ಹಾಕ್ತಿ?”

ಕೊಡಲಿ ಮೇಲೆಯೂ ಇಲ್ಲ, ಕೆಳಗೂ ಇಲ್ಲ. ಭೀಮುವಿನ ಬಾಗಿಲ ಮೇಲೆ ಬುದ್ಧನ ಫೋಟೋ ಇದೆ. ದೆವ್ವ, ದೃಷ್ಟಿ ಎಂದವರನ್ನು ಇದೇ ಬಾಡ್ಯಾ ಓಣಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದ.

ಮಾಲಾ ಚೌಕಟ್ಟು ಬಿಟ್ಟು ನಡೆದಳು. ಕಾಲುವೆಯಲ್ಲಿ ಪ್ರಜ್ಞಾಳ ನೀರು ಇನ್ನೂ ಹರಿಯುತ್ತಿತ್ತು. ಅವಳು ದಂಡೆಗೆ ಬಂದು ನಿಂತು ಅವನನ್ನೇ ನೋಡಿದಳು. ಆಮೇಲೆ ನೀರಿನೊಳಗೇ ಕಾಲಿಟ್ಟು ದಾಟಿ ಈಚೆ ಬಂದಳು.

“ಈಗ ದಾಟೇನಿ ನೋಡ. ತಿರಗಿ ದಾಟಂಗಿಲ್ಲ.”

ಅವನ ಕೈಯಿಂದ ಕೊಡಲಿಯನ್ನು ಶೇವಂತೆವ್ವ ಕಸಿದುಕೊಂಡಳು. ಅವನು ತಡೆಯಲಿಲ್ಲ. ಓಣಿಯವರು ಕರೆಸಿದ ಪೊಲೀಸರು ಬರುವವರೆಗೆ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತಿದ್ದ.

ನನ್ನ ಕೈಗೆ ಪಟ್ಟಿ ಕಟ್ಟಿಸಿಕೊಂಡು ನಾನು ಮತ್ತು ಮಾಲಾ ಇಂಡಿಯಿಂದ ಬರುವ ಹೊತ್ತಿಗೆ ಶೇವಂತೆವ್ವ ಮತ್ತೆ ಹಂಡೆಗೆ ಉರಿ ಹಚ್ಚಿದ್ದಳು. ಕೂಸು ಉಳಿಯದಿದ್ದರೇನು, ಮಾಲಾಳೂ ಬಾಣಂತಿಯೇ ಅಲ್ಲವೇ? ಅವಳನ್ನು ಕೂರಿಸಿ ನೆತ್ತಿಗೆ ಎಣ್ಣೆ ಒತ್ತಿ, ಬಿಸಿನೀರು ಹೊಯ್ದಳು. ಒಳಗೆ ಮಾಲಾ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ನೀರು ಕಾಲುವೆಗಿಳಿದು ಅರ್ಧ ಕಡಿದ ಗಿಡದ ಕಡೆಗೆ ಹೋಯಿತು. ಕುಣಿಗೆ ಬಿಡು ಎಂದು ಶೇವಂತೆವ್ವ ಹೇಳಲಿಲ್ಲ.