ಬೇರೆಯವರ ಅಂಗಿ

ಕರಾವಳಿ ಸುತ್ತಿ ದೆಹಲಿ ಪಕ್ಕದ ಇಂದಿರಾಪುರಂನ ತನ್ನ ಫ್ಲ್ಯಾಟಿಗೆ ಮರಳಿದ ಸೋಮಶೇಖರ, ಚೀಲ ಇಳಿಸಿದವನೇ ಕನ್ನಡಿಯ ಮುಂದೆ ಹೋಗಿ ನಿಂತ. ಅಂಗಿ ಹೆಗಲಿನಿಂದ ಜಾರುತ್ತಿತ್ತು, ಹೊಟ್ಟೆಯ ಹತ್ತಿರ ಧಾರಾಳವಾಗಿ ಗಾಳಿ ಆಡುತ್ತಿತ್ತು. "ನೋಡು, ಒಂದು ವಾರ ಓಡಾಡಿದ್ದಕ್ಕೆ ಎಷ್ಟು ಇಳಿದುಬಿಟ್ಟಿದ್ದೀನಿ!" ಎಂದು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದ. ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ವಸಂತಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನೀವು ಇಳಿದದ್ದಲ್ಲ ಮಾರಾಯ್ರೆ, ಅಂಗಿ ಬೆಳೆದ ಹಾಗೆ ಕಾಣ್ತದೆ," ಎಂದಳು.

ತಮಾಷೆಗೆ ಹೇಳಿದ್ದಾದರೂ ಸತ್ಯವನ್ನೇ ಹೇಳಿದ್ದಳು. ಸೋಮಶೇಖರ ಕೋಣೆಗೆ ಹೋಗಿ ಜೇಬಿಗೆ ಕೈ ಹಾಕಿದ. ಕ್ಯಾಮೆರಾದ ಮೆಮೊರಿ ಕಾರ್ಡು ಇರಬೇಕಾದ ಜಾಗದಲ್ಲಿ ಒಂದು ಬಾಡಿದ ವೀಳ್ಯದೆಲೆ, ಅರ್ಧ ಅಡಿಕೆ, ಮುದುರಿದ ಬಸ್ ಟಿಕೆಟು ಸಿಕ್ಕಿದವು. ಅವನು ಎಲೆ ಹಾಕುವವನಲ್ಲ. ಬಸ್ಸಿನಲ್ಲಂತೂ ಓಡಾಡಿಯೇ ಇರಲಿಲ್ಲ. ಬಿಳಿ ಅರ್ಧ ತೋಳಿನ ಅಂಗಿಯೇನೋ ಹೌದು, ಆದರೆ ತನ್ನದಲ್ಲ. ಹಾಗೇ ಮಂಚದ ಮೇಲೆ ಕೂತ.

ಆ ಕಾರ್ಡಿನಲ್ಲಿ ವಸಂತಿಯ ಊರು ಇತ್ತು. ಕುಂದಾಪುರದ ಹತ್ತಿರ, ಹೊಳೆ ಸಮುದ್ರ ಸೇರುವ ಅಳಿವೆಯ ದಡದಲ್ಲಿ, ಪಡುಹಿತ್ಲು ಎಂಬ ಸಣ್ಣ ಊರು. ತವರುಮನೆ ಮಾರಿಹೋದ ಮೇಲೆ ಅತ್ತ ಹೋಗಲು ಅವಳಿಗೆ ನೆಪವೇ ಇರಲಿಲ್ಲ. ಸೋಮಶೇಖರ ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರು. ರಜೆಯ ಪ್ರವಾಸಕ್ಕೆ ಸರ್ಕಾರ ಕೊಡುವ ಸವಲತ್ತೆಲ್ಲ ಒಮ್ಮೆ ಕಾಶ್ಮೀರ, ಒಮ್ಮೆ ಅಂಡಮಾನ್ ಎಂದು ಅವನ ಕ್ಯಾಮೆರಾ ಎಳೆದ ಕಡೆಗೇ ಹೋಗುತ್ತಿತ್ತು. ಈ ಸಲ ಮಾತ್ರ ಖಂಡಿತ ನಿನ್ನೂರಿಗೇ ಎಂದು ಟಿಕೆಟು ಮಾಡಿಸಿದ್ದ. ಅಷ್ಟರಲ್ಲಿ ಅವಳ ಮಂಡಿ ಕೈಕೊಟ್ಟು ಆಪರೇಷನ್ ಆಯಿತು. ಡಾಕ್ಟರು ಸದ್ಯಕ್ಕೆ ಪ್ರಯಾಣ ಬೇಡವೆಂದರು.

"ನೀವಾದರೂ ಹೋಗಿ ಬನ್ನಿ," ಎಂದಿದ್ದಳು ವಸಂತಿ. "ನನ್ನ ಊರನ್ನು ಫೋಟೋದಲ್ಲಿ ತೆಗೆದುಕೊಂಡು ಬನ್ನಿ. ದೊಡ್ಡ ದೊಡ್ಡದೆಲ್ಲ ಬೇಡ. ದೇವಸ್ಥಾನದ ಹೊರಗೆ ಹೂ ಮಾರುವವರು, ಬಸ್‌ಸ್ಟ್ಯಾಂಡಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಜಗಳ ಆಡುವವರು, ಕೆರೆಯ ಮೆಟ್ಟಿಲು, ಅಂಥದ್ದು. ಮತ್ತೆ ಧಾರಿಣಿಯ ಮುಖ. ಅದೊಂದು ಮರೆಯಬೇಡಿ."

ಧಾರಿಣಿ ಅವಳ ಬಾಲ್ಯದ ಗೆಳತಿ. ದೇವಸ್ಥಾನದ ಜಗಲಿಯಲ್ಲಿ ಕೂತು ಇಬ್ಬರೂ ದೇವರಿಗೆ ಮಾಲೆ ಕಟ್ಟುತ್ತಾ ಬೆಳೆದವರು. ಮದುವೆ, ಮಕ್ಕಳು, ದೆಹಲಿ ಎಂದು ಸಂಪರ್ಕ ತಪ್ಪಿಹೋಗಿ ಫೋನ್ ನಂಬರು ಕೂಡ ಉಳಿದಿರಲಿಲ್ಲ.

ಸೋಮಶೇಖರ ಧಾರಿಣಿಯ ಮನೆಗೆ ಹೋಗಿದ್ದ, ಇಲ್ಲವೆಂದಲ್ಲ. ಕೊನೆಯ ಸಂಜೆ ಹೋದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯವರು, "ಪೇಟೆಗೆ ಹೋಗಿದ್ದಾರೆ, ಈಗ ಬರ್ತಾರೆ, ಕೂತ್ಕೊಳ್ಳಿ," ಎಂದು ಕುರ್ಚಿಯನ್ನೂ ಹಾಕಿದ್ದರು. ಆದರೆ ಅಳಿವೆಯ ಕಡೆ ಬೆಳಕು ಬಂಗಾರವಾಗುತ್ತಿತ್ತು, ದೋಣಿಗಳು ಬರುವ ಹೊತ್ತು. ಫೋಟೋದ ಹುಚ್ಚಿದ್ದವರಿಗೆ ಅಂಥ ಹೊತ್ತಿನಲ್ಲಿ ಹೆಂಡತಿ ಮಕ್ಕಳು ಯಾರೂ ನೆನಪಾಗುವುದಿಲ್ಲ. ಮುಚ್ಚಿದ ಬಾಗಿಲಿನದೇ ಒಂದು ಫೋಟೋ ಹೊಡೆದು ಅಳಿವೆಗೆ ಓಡಿದ. ಆಮೇಲೆ ವಸಂತಿ ಫೋನ್ ಮಾಡಿ, "ಧಾರಿಣಿ ಸಿಕ್ಕಿದಳಾ?" ಎಂದು ಕೇಳಿದಾಗ ಬಾಯಿ ತಾನಾಗಿಯೇ ಹೇಳಿಬಿಟ್ಟಿತು: "ಸಿಕ್ಕಿದರು. ಚೆನ್ನಾಗಿದ್ದಾರೆ. ನಿನ್ನನ್ನು ತುಂಬಾ ಕೇಳಿದರು." ಅವಳು ಆ ಕಡೆಯಿಂದ ಖುಷಿಯಲ್ಲಿ ಮೂಗು ಒರೆಸಿಕೊಂಡದ್ದು ಅವನಿಗೆ ಕೇಳಿಸಿತು.

ಮಾರನೆಯ ಬೆಳಗ್ಗೆ ದೇವಸ್ಥಾನ. ಸೋಮಶೇಖರ ಅತಿ ಜಾಗ್ರತೆಯ ಮನುಷ್ಯ. ಆಫೀಸಿನ ಬೀರುವಿಗೆ ಬೀಗ ಹಾಕಿ, ಎಳೆದು ನೋಡಿ, ಲಿಫ್ಟಿನ ತನಕ ಹೋಗಿ, ವಾಪಸು ಬಂದು ಮತ್ತೆ ಎಳೆಯುವವನು. ಒಳಗೆ ಕ್ಯಾಮೆರಾ ಒಯ್ಯುವಂತಿಲ್ಲ, ಕೌಂಟರಿನಲ್ಲಿ ಇಡಿ ಎಂದರು. ಇಟ್ಟ. ಆದರೆ ಯಾರಾದರೂ ಮುಟ್ಟಿ ಫೋಟೋ ಅಳಿಸಿಬಿಟ್ಟರೆ? ಮೆಮೊರಿ ಕಾರ್ಡು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಇನ್ನೊಂದು ಬೋರ್ಡು: ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಬರತಕ್ಕದ್ದು. ಅವನು ಚಿತ್ರದುರ್ಗದ ಕಡೆಯವನು. ಅಲ್ಲಿ ದೇವರ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುವುದೇ ಮರ್ಯಾದೆ. ಕರಾವಳಿಯವರು ಅಂಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ, ಇಲ್ಲವೇ ಜೊತೆಗೆ ಬಂದ ಹೆಂಡತಿಯ ಕೈಗೆ ಕೊಡುತ್ತಾರೆ. ಇವನ ಹೆಂಡತಿ ದೆಹಲಿಯಲ್ಲಿದ್ದಳು. ಬಾಗಿಲ ಪಕ್ಕದ ಕಂಬಿಯ ಮೇಲೆ ನಾಲ್ಕಾರು ಅಂಗಿ ನೇತಾಡುತ್ತಿದ್ದವು, ಜೇಬಿನ ಕಾರ್ಡು ಮರೆತು ಇವನೂ ನೇತುಹಾಕಿದ. ಕೈಮುಗಿದು ಹೊರಗೆ ಬಂದಾಗ ವಿಮಾನಕ್ಕೆ ಹೊತ್ತಾಯಿತೆಂದು ಟ್ಯಾಕ್ಸಿಯವನು ಹಾರ್ನ್ ಬಾರಿಸುತ್ತಿದ್ದ. ಕೈಗೆ ಸಿಕ್ಕ ಬಿಳಿ ಅಂಗಿ ತೊಟ್ಟುಕೊಂಡು, ಕ್ಯಾಮೆರಾ ಎತ್ತಿಕೊಂಡು ಓಡಿದ್ದ.

ಮಂಚದ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದಾಗ ಅವನ ಮನಸ್ಸಿನ ಮೂಲೆಯೊಂದರಲ್ಲಿ ಸಣ್ಣ ಸಮಾಧಾನ ಸುಳಿಯಿತು: ಕಾರ್ಡೇ ಹೋಯಿತು, ಇನ್ನು ಧಾರಿಣಿಯ ಫೋಟೋ ಎಲ್ಲಿ ಎಂದು ಯಾರೂ ಕೇಳುವಂತಿಲ್ಲ. ಆ ಸಮಾಧಾನಕ್ಕೆ ಅವನಿಗೆ ನಾಚಿಕೆಯಾಯಿತು. ದೇವಸ್ಥಾನದ ಆಫೀಸಿಗೆ ಫೋನ್ ಹಚ್ಚಿದ. "ಇಲ್ಲಿ ಯಾವ ಅಂಗಿಯೂ ಉಳಿದಿಲ್ಲ ಮಾರಾಯ್ರೆ," ಎಂದರು. ನಾಚಿಕೆಯಲ್ಲಿ ಥಟ್ಟನೆ ಫೋನ್ ಇಟ್ಟ. ತನ್ನ ಹೆಸರು, ನಂಬರು ಕೊಡಬೇಕೆಂಬುದೇ ಹೊಳೆಯಲಿಲ್ಲ. ಇನ್ನು ಮೊಬೈಲಿನಲ್ಲಿ ತೆಗೆದದ್ದು ಫೋಟೋವೇ ಅಲ್ಲ ಎಂದು ವಾದಿಸುವ ಮನುಷ್ಯ ಅವನು. ಹಾಗಾಗಿ ಅದರಲ್ಲಿ ಇದ್ದದ್ದು ಹೋಟೆಲಿನ ನೀರುದೋಸೆಯ ಚಿತ್ರ ಒಂದೇ.

ಹೆಂಡತಿಗೆ ಹೇಳಬೇಕೆಂದೇ ಹೊರಗೆ ಬಂದ. ಅವಳು ಫೋನಿನಲ್ಲಿದ್ದಳು. "ಹೌದು ಶಾರದಮ್ಮ, ಭಾನುವಾರ ಸಂಜೆ. ಗುಂಡಣ್ಣನವರನ್ನೂ ಕರ್ಕೊಂಡು ಬನ್ನಿ. ಟೀವಿಯಲ್ಲೇ ನೋಡುವ, ನಮ್ಮೂರು." ಪಕ್ಕದ ಟವರಿನ ಆ ಹಿರಿಯ ದಂಪತಿಗೆ ಇವಳು ಇಷ್ಟು ಸಡಗರದಿಂದ ಹೇಳುತ್ತಿರುವುದನ್ನು ಕೇಳಿ ಅವನು ಕೋಣೆಗೆ ವಾಪಸು ಹೋದ. ನಾಳೆ ಹೇಳಿದರಾಯಿತು ಎಂದುಕೊಂಡ. ಮಾರನೆಯ ದಿನ ನೋಡಿದರೆ, ಅವಳು ಭಾನುವಾರದ ಪತ್ರೊಡೆಗೆಂದು ತರಕಾರಿ ಭಯ್ಯಾನ ಹತ್ತಿರ ಕೆಸುವಿನ ಎಲೆಯನ್ನೂ ಹೇಳಿಯಾಗಿತ್ತು. ಆ ದಿನವೂ ಆಗಲಿಲ್ಲ.

ಕೊನೆಗೆ ಕಾಲೇಜು ಓದುವ ಮಗಳು ಅದಿತಿಯ ಹತ್ತಿರ ಗುಟ್ಟಾಗಿ ಎಲ್ಲ ಹೇಳಿಕೊಂಡ. ಇಂಟರ್ನೆಟ್ಟಿನಿಂದ ಕರಾವಳಿಯ ಫೋಟೋ ಇಳಿಸಿಕೊಟ್ಟರೆ ಹೇಗೋ ದಾಟಿಸುತ್ತೇನೆ ಎಂದ.

"ಪಪ್ಪಾ, ಯೇ ತೋ ಚೀಟಿಂಗ್ ಹೈ!" ಎಂದಳು ಅದಿತಿ. "ಅಮ್ಮಂಗೆ ಏಕ್ ಸೆಕೆಂಡ್‌ನಲ್ಲಿ ಗೊತ್ತಾಗತ್ತೆ."

"ಎಷ್ಟೋ ವರ್ಷ ಆಯ್ತಲ್ಲಮ್ಮ ನೋಡಿ. ಊರು ಬದಲಾಗಿದೆ ಅಂತೀನಿ."

ಅವಳು ಹಣೆ ಚಚ್ಚಿಕೊಂಡು ಇಳಿಸಿಕೊಟ್ಟಳು. ಭಾನುವಾರ ಹತ್ತಿರ ಬಂದಂತೆ ಸೋಮಶೇಖರನಿಗೆ ಊಟ ಸೇರದಾಯಿತು. ವಸಂತಿಯೋ ಅವನು ಆಫೀಸಿನಿಂದ ಬರುವಾಗಲೆಲ್ಲ ಗೆಲುವಾಗಿರುತ್ತಿದ್ದಳು. ಡಾಕ್ಟರು ಹೇಳಿದ ವ್ಯಾಯಾಮವನ್ನು ಹೇಳಿಸಿಕೊಳ್ಳದೆಯೇ ಮಾಡುತ್ತಿದ್ದಳು.

ಭಾನುವಾರ ಸಂಜೆ ಗುಂಡಣ್ಣ, ಶಾರದಮ್ಮ ಬಂದರು. ಪತ್ರೊಡೆ, ಚಹಾ ಆಯಿತು. ಸೋಮಶೇಖರ ಪೆನ್ ಡ್ರೈವ್ ಸಿಕ್ಕಿಸಿ ರಿಮೋಟು ಒತ್ತಿದ. ತೆರೆಯ ತುಂಬ ಸಮುದ್ರ, ಅದರ ದಡದಲ್ಲಿ ಆಕಾಶ ಮುಟ್ಟುವ ಗೋಪುರ.

"ಅಬ್ಬಬ್ಬಾ!" ಎಂದರು ಗುಂಡಣ್ಣ. "ಇದೇನಮ್ಮ ನಿಮ್ಮೂರಿನ ದೇವಸ್ಥಾನ?"

ಪಡುಹಿತ್ಲಿನ ದೇವಸ್ಥಾನಕ್ಕೆ ಇದ್ದದ್ದು ಹೆಂಚಿನ ಮಾಡು, ಪುಟ್ಟ ಮುಖಮಂಟಪ. ವಸಂತಿ ಸೆರಗಿನ ಅಂಚು ಮಡಚುತ್ತಾ, "ಹೋಗಿ ಬಂದವರು ಅವರು. ಅವರನ್ನೇ ಕೇಳಿ," ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅದಕ್ಕೇ ಅವನಿಂದ ತಡೆಯಲಾಗಲಿಲ್ಲ. ಆ ಗೋಪುರವನ್ನು ಅವಳ ಊರೆಂದು ಒಪ್ಪಿಸುವುದು ಸಾಧ್ಯವೇ ಇಲ್ಲ ಅನಿಸಿತು. ರಿಮೋಟು ಕೆಳಗಿಟ್ಟ.

"ಅಲ್ಲ," ಎಂದ. "ಇದು ವಸಂತಿಯ ಊರಲ್ಲ. ಇಂಟರ್ನೆಟ್ಟಿನಿಂದ ಇಳಿಸಿದ್ದು." ಅಂಗಿಯ ಕಥೆ, ಕಾರ್ಡಿನ ಕಥೆ ಹೇಳಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಗುಂಡಣ್ಣನವರು ಆಗಲೇ ಅಯ್ಯೋ ಪಾಪ ಎನ್ನುತ್ತಿದ್ದರು. ಸೋಮಶೇಖರ ಹೆಂಡತಿಯ ಕಡೆ ತಿರುಗಿದ. "ಧಾರಿಣಿಯವರು ನನಗೆ ಸಿಗಲೇ ಇಲ್ಲ ಕಣೇ. ಬೀಗ ಹಾಕಿತ್ತು. ಕೂತಿದ್ದರೆ ಸಿಗುತ್ತಿದ್ದರು. ಬೆಳಕು ಚೆನ್ನಾಗಿದೆ ಅಂತ ಅಳಿವೆಗೆ ಹೋದೆ. ಫೋನಿನಲ್ಲಿ ನಿನಗೆ ಹೇಳಿದ್ದೆಲ್ಲ ಸುಳ್ಳು."

ಶಾರದಮ್ಮ ಚಹಾದ ಲೋಟದೊಳಗೆ ನೋಡತೊಡಗಿದರು. ವಸಂತಿ ಸೆರಗಿನ ಅಂಚು ಬಿಟ್ಟು ಮಗಳ ಕಡೆ ತಿರುಗಿದಳು. "ಅದಿತಿ, ಆ ಗೋಪುರ ತೆಗಿ ಮಗಾ. ನನ್ನ ಫೋನನ್ನು ಟೀವಿಗೆ ಹಾಕು," ಎಂದಳು.

ತೆರೆಯ ಮೇಲೆ ಇಂದಿರಾಪುರಂನ ಅವರದೇ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟು ಮೂಡಿತು. ಸೊಸೈಟಿಯ ಹೆಸರು, ಅದರ ಕೆಳಗೆ ಸೆಕ್ಯುರಿಟಿಯ ಫೋನ್ ನಂಬರು. ಹೊರಡುವ ಮುಂಚೆ ಕ್ಯಾಮೆರಾ ಸರಿಯಿದೆಯೇ ಎಂದು ಸೋಮಶೇಖರ ತೆಗೆದಿದ್ದ ಫೋಟೋ. ಮುಂದಿನದು ಬಾಲ್ಕನಿಯಲ್ಲಿ ತುಳಸಿಕಟ್ಟೆಯ ಪಕ್ಕ ನಿಂತ ವಸಂತಿ. ಅದರ ಮುಂದಿನದು ಪಡುಹಿತ್ಲಿನ ಬಸ್‌ಸ್ಟ್ಯಾಂಡು, ಮೀನಿನ ಬುಟ್ಟಿ, ಸೊಂಟದ ಮೇಲೆ ಕೈಯಿಟ್ಟ ಹೆಂಗಸು. ಅವನು ಬಾಯಿ ತೆರೆದವನು ಮುಚ್ಚಲಿಲ್ಲ.

"ರಾಘವ ಹೊಳ್ಳರು ಅಂತ, ನೀವು ತೊಟ್ಟುಕೊಂಡು ಬಂದದ್ದು ಅವರ ಅಂಗಿ," ಎಂದಳು ವಸಂತಿ. "ಜೇಬಿನ ಕಾರ್ಡನ್ನು ಕುಂದಾಪುರದ ಸ್ಟುಡಿಯೋದಲ್ಲಿ ಹಾಕಿ ನೋಡಿದ್ದಾರೆ. ಮೊದಲ ಫೋಟೋದಲ್ಲೇ ಗೇಟಿನ ನಂಬರು. ಹರಕುಮುರುಕು ಹಿಂದಿಯಲ್ಲಿ ಗಾರ್ಡ್ ಭಯ್ಯಾನಿಗೆ ಫೋನ್ ಮಾಡಿ, ಕನ್ನಡದವರು ಯಾರಿದ್ದಾರೆ ಅಂತ ಕೇಳಿದ್ದಾರೆ. ಅವನು ಇಂಟರ್‌ಕಾಮ್ ಒತ್ತಿದ್ದು ಸೀದಾ ನಮ್ಮ ಮನೆಗೆ. ನೀವು ಆಫೀಸಿನಲ್ಲಿದ್ದಿರಿ. ನನ್ನ ನಂಬರು ತಕ್ಕೊಂಡು ಫೋಟೋ ಎಲ್ಲ ಫೋನಿಗೆ ಕಳಿಸಿದರು."

"ಸಾರಿ ಪಪ್ಪಾ," ಎಂದಳು ಅದಿತಿ. "ಅಮ್ಮ ಕೇಳಿದ್ರು, ಸಬ್ ಕುಛ್ ಹೇಳ್ಬಿಟ್ಟೆ."

ಫೋಟೋಗಳು ಒಂದೊಂದಾಗಿ ಸರಿದವು. ಕೆರೆಯ ಮೆಟ್ಟಿಲು ಬಂದಾಗ, ಚಿಕ್ಕವಳಿದ್ದಾಗ ನಾನು ಇಲ್ಲೇ ಜಾರಿ ಬಿದ್ದದ್ದು ಎಂದಳು ವಸಂತಿ. ಹೂ ಮಾರುವ ಹೆಂಗಸು ಬಂದಾಗ ಇವಳು ಆಗ ಅಲ್ಲಿ ಹೂ ಮಾರುತ್ತಿದ್ದ ಗಿರಿಜೆಯ ಮಗಳೇ ಇರಬೇಕು, ಅದೇ ಮೂಗು ಎಂದಳು. ಅಳಿವೆಯ ಬಂಗಾರದ ಬೆಳಕು ಬಂದಾಗ ಗುಂಡಣ್ಣ ವಾಹ್ ಎಂದರು, ಸೋಮಶೇಖರ ತಲೆ ತಗ್ಗಿಸಿದ. ಕೊನೆಗೆ, ವಸಂತಿ ಬೇಕೆಂದೇ ಕಡೆಗೆ ಉಳಿಸಿಕೊಂಡಿದ್ದ ಮುಚ್ಚಿದ ಬಾಗಿಲು ಬಂತು.

ಅದಾದ ಮೇಲೆ ಅವನು ತೆಗೆಯದ ಫೋಟೋ ಒಂದು ಬಂತು. ಅದೇ ಬಾಗಿಲು, ಈಗ ತೆರೆದಿದೆ. ಹೊಸ್ತಿಲಲ್ಲಿ ನರೆಗೂದಲಿನ ಹೆಂಗಸೊಬ್ಬಳು ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಾಳೆ. ಪಕ್ಕದಲ್ಲಿ ಸೋಮಶೇಖರನ ಬಿಳಿ ಅಂಗಿಯೊಳಗೆ ಹೇಗೋ ತೂರಿಕೊಂಡ ದಢೂತಿ ಮನುಷ್ಯ, ಹೊಟ್ಟೆಯ ಮೇಲೆ ಗುಂಡಿಗಳು ಈಗಲೋ ಆಗಲೋ ಎನ್ನುತ್ತಿವೆ.

"ಬಾಗಿಲು ನೋಡಿದ ಕೂಡಲೇ ಹೊಳ್ಳರಿಗೆ ಗೊತ್ತಾಗಿದೆ, ಇದು ನಮ್ಮ ಧಾರಿಣಕ್ಕನ ಮನೆ ಅಂತ," ಎಂದಳು ವಸಂತಿ. "ಅಲ್ಲಿಗೇ ಹೋಗಿ ಅವಳ ಕೈಗೆ ಫೋನ್ ಕೊಟ್ಟರು. ಆವತ್ತಿನಿಂದ ದಿನಾ ಮಧ್ಯಾಹ್ನ ಮಾತಾಡ್ತಿದ್ದೇವೆ. ನೀವು ಮುಖ ಒಂದು ತಂದಿದ್ದರೆ ನೋಡಿ ಎತ್ತಿಡ್ತಿದ್ದೆ, ಅಷ್ಟೇ."

ಸೋಮಶೇಖರನಿಗೆ ಎದೆಯ ಮೇಲಿನ ಭಾರವೆಲ್ಲ ಒಮ್ಮೆಗೇ ಇಳಿದಂತಾಯಿತು. ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ಎಲ್ಲ ಗೊತ್ತಿದ್ದೂ ನನ್ನನ್ನು ಇಷ್ಟು ದಿನ ಒದ್ದಾಡಿಸಿದೆಯಲ್ಲೇ?"

"ಹೇಳ್ತೀರಾ ಇಲ್ಲವಾ ಅಂತ ಕಾಯ್ತಾ ಇದ್ದೆ. ಹೇಳದಿದ್ದರೆ ಆ ಗೋಪುರವನ್ನೇ ನೋಡಿ, ಚಂದ ಉಂಟು ಅಂತ ಹೇಳಿ ಎದ್ದು ಹೋಗ್ತಿದ್ದೆ," ಎಂದಳು. ಹಾಗಾಗಿದ್ದರೆ ಎಂದು ನೆನೆದು ಅವನಿಗೆ ಮೈ ಜುಂ ಎಂದಿತು. ಸದ್ಯ, ರಿಮೋಟು ಕೆಳಗಿಟ್ಟೆ ಎಂದುಕೊಂಡ.

ಗುಂಡಣ್ಣ ದಂಪತಿ ಹೊರಟ ಮೇಲೆ ಅವನು ಒಗೆದು ಮಡಚಿಟ್ಟಿದ್ದ ಹೊಳ್ಳರ ಅಂಗಿ ತಂದು, ನಾಳೆಯೇ ಕೊರಿಯರ್ ಮಾಡುತ್ತೇನೆ ಎಂದ.

"ಕೊರಿಯರ್ ಎಂತಕ್ಕೆ?" ವಸಂತಿ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಚಳಿ ಕಳೆದ ಮೇಲೆ ಹೋಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ನಾವೇ ಹೋಗಿ ಕೊಟ್ಟು ಬರುವ. ಕ್ಯಾಮೆರಾವನ್ನೂ ತನ್ನಿ, ಬೇಡ ಅನ್ನುವುದಿಲ್ಲ. ದೇವಸ್ಥಾನದ ಬಾಗಿಲಲ್ಲಿ ಮಾತ್ರ ನಿಮ್ಮ ಅಂಗಿ ನನ್ನ ಕೈಗೆ ಕೊಡಿ."